ಮುಂದಿನ ಎಡಗಡೆಯ ಸೀಟು

1.

ಕಾರಿನ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬಾಗಿಲು ತೆಗೆಯುವಲ್ಲಿಂದ ಎಂದು ನೀವು ಹೇಳುತ್ತೀರಿ. ಸರಿ. ಯಾವ ಬಾಗಿಲು? ನಾಲ್ಕಿವೆ, ಡಿಕ್ಕಿಯದ್ದೂ ಸೇರಿಸಿದರೆ ಐದು. ನಗಬೇಡಿ. ಈ ಕಥೆಯ ತಕರಾರೆಲ್ಲ ಯಾರು ಯಾವ ಬಾಗಿಲಿನಿಂದ ಹತ್ತಿ ಎಲ್ಲಿ ಕೂರಬೇಕು ಎಂಬುದೇ.

ಅಸಲಿಗೆ ಇದು ಕಥೆಯಾಗಬೇಕಾದದ್ದೇ ಅಲ್ಲ. ನಾನು ಯಸೋಥೋನ್ ಪಟ್ಟಣದ ಒಂದು ಕಾರ್ ಶೋರೂಮಿನಲ್ಲಿ ಕರಪತ್ರ ಬರೆಯುವವನು. ಕನ್ನಡ ನಾಡು ಬಿಟ್ಟು, ಪರದೇಶದ ಈ ಊರಿನ ಅಳಿಯನಾಗಿ ಬಂದು ಇಪ್ಪತ್ತೊಂದು ವರ್ಷವಾಯಿತು. ಅದರಲ್ಲಿ ಹದಿನಾಲ್ಕು ವರ್ಷ ಅಗ್ಗದ ಸಣ್ಣ ಕಾರುಗಳ ಒಳಭಾಗವನ್ನು ಹೊಗಳುವುದರಲ್ಲೇ ಕಳೆದಿದೆ. 'ವಿಶಾಲ' ಎಂಬ ಪದವನ್ನು ನಾನು ಎಷ್ಟು ಸಲ ಬರೆದಿದ್ದೇನೆಂದರೆ, ಈಗ ಆ ಪದ ಕಂಡರೆ ನನ್ನ ಮಂಡಿ ತಾನಾಗಿಯೇ ನೋಯುತ್ತದೆ.

ಮ್ಯಾನೇಜರ್ ಕನಿತ್ತಾ ಮೇಡಂ ಕೇಳಿದ್ದು ಇಷ್ಟು: "ಗಿರಾಕಿ ಒಬ್ರ ಅನುಭವ ಬರೀರಿ. ಇನ್ನೂರು ಪದ. ಒಳಗಡೆ ಎಷ್ಟು ಹಾಯಾಗಿದೆ, ಸೀಟು ಎಷ್ಟು ಚೆನ್ನಾಗಿದೆ, ಅಷ್ಟೇ. ಯಾರನ್ನೂ ಅಳಿಸ್ಬೇಡಿ. ಹೋದ್ಸಲ ನೀವು ಬರೆದಿದ್ದು ಓದಿ ಒಬ್ರು ಬುಕಿಂಗೇ ಕ್ಯಾನ್ಸಲ್ ಮಾಡಿದ್ರು."

(ಇನ್ನೂರು ಪದದಲ್ಲಿ ಈಗಾಗಲೇ ನೂರು ದಾಟಿತು. ಕಾರು ಇನ್ನೂ ಹೊರಟಿಲ್ಲ.)

2. (ಮೊದಲ ಕರಡು, ಕೈಬಿಟ್ಟದ್ದು)

"ಕುಮಾರಿ ರಮ್ಪೈ ಅವರು ತಮ್ಮ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಿಶಾಲವಾದ, ತಂಪಾದ ಕಾರಿನಲ್ಲಿ ನಗುನಗುತ್ತಾ ಉಬೋನಿಗೆ..."

ಇಲ್ಲಿಗೇ ನಿಲ್ಲಿಸಿದೆ. ಪಕ್ಕದಲ್ಲಿ ಕೂರಿಸಿಕೊಂಡು ಎನ್ನುವುದು ಸುಳ್ಳು. ವಿಶಾಲ ಎನ್ನುವುದು ನಿಮಗೆ ಗೊತ್ತೇ ಇದೆ. ನಿಜವಾಗಿ ಉಳಿಯುವುದು ಉಬೋನ್ ಒಂದೇ, ಅದು ಇಲ್ಲಿಂದ ನೂರು ಕಿಲೋಮೀಟರ್.

3.

ರಮ್ಪೈಗೆ ನಲವತ್ತಮೂರು ವರ್ಷ. ಹನ್ನೊಂದು ವರ್ಷ ರಯೋಂಗ್ ಕಡೆಯ ಕಾರ್ಖಾನೆಯೊಂದರಲ್ಲಿ ಕಾರ್ ಸೀಟಿನ ಕವರು ಹೊಲಿದವಳು. ದಿನಕ್ಕೆ ಎಪ್ಪತ್ತು ಸೀಟು ಹೊಲಿದರೂ ಅವುಗಳಲ್ಲಿ ಒಂದರ ಮೇಲೂ ಕೂತವಳಲ್ಲ. ಈಗ ಊರಿಗೆ ವಾಪಸು ಬಂದು ಮನೆಯ ಮುಂದೆ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾಳೆ. ಮದುವೆಯಾಗಿಲ್ಲ, ಅಣ್ಣತಮ್ಮಂದಿರಿಲ್ಲ, ಇರುವವನು ಅಪ್ಪ ಒಬ್ಬನೇ.

ಅವಳು ಶೋರೂಮಿಗೆ ಬಂದ ದಿನ ಬಾನೆಟ್ ತೆಗೆಸಲಿಲ್ಲ, ಮೈಲೇಜ್ ಕೇಳಲಿಲ್ಲ, ಸ್ಟೇರಿಂಗ್ ಮುಟ್ಟಲಿಲ್ಲ. ಮುಂದಿನ ಎಡಗಡೆಯ ಬಾಗಿಲು ತೆಗೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು. ಅರ್ಧ ಗಂಟೆ ಕೂತಳು. ಹೊಲಿಗೆಯ ಉದ್ದಕ್ಕೂ ಉಗುರು ಓಡಿಸಿದಳು, ಸೊಂಟ ತಾಗುವ ಜಾಗವನ್ನು ಮುಷ್ಟಿಯಿಂದ ಗುದ್ದಿ ನೋಡಿದಳು.

"ಅಕ್ಕಾ, ಓಡ್ಸೋ ಸೀಟು ಆ ಕಡೆ" ಎಂದೆ.

"ಗೊತ್ತು. ಓಡ್ಸೋಳು ನಾನು, ಹೆಂಗಾದ್ರೂ ಕೂತ್ಕೋತೀನಿ. ಇದು ನಮ್ಮಪ್ಪಂದು." ಮತ್ತೊಮ್ಮೆ ಗುದ್ದಿದಳು. "ಹೊಲಿಗೆ ಪರ್ವಾಗಿಲ್ಲ, ಎರಡೆಳೆ ಹಾಕಿದಾರೆ. ಸ್ಪಂಜು ನಿಜವಾದ್ದು. ಈ ಮುಂದಿನ ಪ್ಲಾಸ್ಟಿಕ್ಕು ಮಾತ್ರ ಬಕೀಟು ಇದ್ದಂಗಿದೆ. ಇರ್ಲಿ, ಅಪ್ಪ ಅದರ ಮೇಲೆ ಕೂರಲ್ವಲ್ಲ."

ಹದಿನಾಲ್ಕು ವರ್ಷದಲ್ಲಿ ಒಂದು ಕಾರಿನ ಒಳಗನ್ನು ಇಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವತ್ತೇ ನನಗೆ ಈ ಹೆಂಗಸಿನ ಮೇಲೆ ಅಕ್ಕರೆ ಹುಟ್ಟಿತು.

ಅಪ್ಪನ ಹೆಸರು ಖಮ್‌ಪುನ್. ಎಪ್ಪತ್ತೊಂದು ವರ್ಷ. ಮೂವತ್ತನಾಲ್ಕು ವರ್ಷ, ಹಿಂಭಾಗದಲ್ಲಿ ಎದುರುಬದುರು ಬೆಂಚು ಹಾಕಿದ ಬಾಡಿಗೆ ಪಿಕಪ್ ಓಡಿಸಿದವರು. ಡ್ರೈವರ್ ಸೀಟಿನ ಸ್ಪ್ರಿಂಗು ಮುರಿದ ಮೇಲೆ ಅದರ ಮೇಲೊಂದು ಹಲಗೆ ಹಾಕಿ ಉಳಿದ ಹದಿನೆಂಟು ವರ್ಷ ಹಲಗೆಯ ಮೇಲೇ ಓಡಿಸಿದರು. ಈಗ ಅವರ ಸೊಂಟದ ಮೂಳೆಗಳು ಒಂದರ ಮೇಲೊಂದು ಕೂತುಬಿಟ್ಟಿವೆ. ತಿಂಗಳಿಗೊಮ್ಮೆ ಉಬೋನಿನ ಆಸ್ಪತ್ರೆಗೆ ಹೋಗಲೇಬೇಕು.

ರಮ್ಪೈಗೆ ಬೇಕಾದದ್ದು ಒಂದೇ. ಅಪ್ಪ ಆ ಸೀಟಿನಲ್ಲಿ ಕೂತು, ನೋವಿಲ್ಲದೆ, ಉಬೋನಿಗೆ ಹೋಗಿ ಬರಬೇಕು. ಇಷ್ಟು ಸಣ್ಣ ಆಸೆಗೆ ಕಥೆ ಯಾಕೆ ಬೇಕು ಎಂದು ನೀವು ಕೇಳಬಹುದು. ಮುಂದಕ್ಕೆ ಓದಿ.

4.

ಕಾರು ಬುಕ್ ಆಯಿತು, ಆದರೆ ರಮ್ಪೈಗೆ ಲೈಸೆನ್ಸ್ ಇರಲಿಲ್ಲ. ಪರೀಕ್ಷೆಗೆ ಹೋದಳು, ಫೇಲಾದಳು. ಮತ್ತೆ ಹೋದಳು, ಕಂಬಕ್ಕೆ ಗುದ್ದಿದಳು. ಮೂರನೇ ಸಲ ರಿವರ್ಸಿನಲ್ಲಿ ಪರೀಕ್ಷಕರ ಸ್ಕೂಟರಿಗೆ ಗುದ್ದಿದಳು. ನಾಲ್ಕನೇ ಸಲ ಯಾವುದಕ್ಕೂ ಗುದ್ದಲಿಲ್ಲ, ಯಾಕೆಂದರೆ ಕಾರು ಹೊರಡಲೇ ಇಲ್ಲ.

ಐದನೇ ಸಲದ ಹಿಂದಿನ ದಿನ ಖಮ್‌ಪುನ್ ಯಾರಿಗೂ ಹೇಳದೆ ವಿಹಾರಕ್ಕೆ ಹೋಗಿ, ಬುದ್ಧನ ಮುಂದೆ ಮೂರು ಸಲ ಅಡ್ಡಬಿದ್ದು, ಹರಕೆ ಹೊತ್ತರು: ನನ್ನ ಮಗಳು ಪಾಸಾದರೆ ತಲೆ ಬೋಳಿಸಿ, ಕಾವಿ ಉಟ್ಟು, ಒಂದು ಮಳೆಗಾಲ ಭಿಕ್ಷುವಾಗಿ ಇರುತ್ತೇನೆ.

ರಮ್ಪೈ ಪಾಸಾದಳು.

(ಇಲ್ಲಿ ನೀವು ಹಣೆ ಚಚ್ಚಿಕೊಂಡಿದ್ದರೆ ನಿಮಗೆ ಇಲ್ಲಿನ ರೂಢಿ ಗೊತ್ತು ಎಂದರ್ಥ. ಗೊತ್ತಿಲ್ಲದವರಿಗೆ: ಭಿಕ್ಷು ಹೆಂಗಸನ್ನು ಮುಟ್ಟುವಂತಿಲ್ಲ, ಹೆಂಗಸಿನ ಪಕ್ಕ ಕೂರುವಂತಿಲ್ಲ. ಮಗಳಾದರೂ ಅಷ್ಟೇ. ಮಗಳು ಕಾರು ಓಡಿಸುತ್ತಿದ್ದರೆ ಅಪ್ಪನಿಗೆ ಅವಳ ಪಕ್ಕದ ಸೀಟು ಇಲ್ಲ, ಇಬ್ಬರೇ ಇದ್ದರೆ ಹಿಂದಿನ ಸೀಟೂ ಇಲ್ಲ.)

ಅಂದರೆ ಮಗಳು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಲಿ ಎಂದು ಅಪ್ಪ ಹೊತ್ತ ಹರಕೆಯಿಂದಲೇ ಅಪ್ಪ ಆ ಪಕ್ಕದಿಂದ ಎದ್ದುಹೋದರು. ಈ ತಪ್ಪನ್ನು ಯಾರಾದರೂ ಮಾಡಬಹುದಿತ್ತು, ಖಮ್‌ಪುನ್ ಮಾಡಬಾರದಿತ್ತು. ಮೂವತ್ತನಾಲ್ಕು ವರ್ಷ ತಮ್ಮ ಪಿಕಪ್ಪಿಗೆ ಭಿಕ್ಷುಗಳು ಹತ್ತಿದಾಗಲೆಲ್ಲ "ಸ್ವಾಮಿಗಳು ಬಂದ್ರು, ಹೆಂಗಸರೆಲ್ಲ ಈ ಕಡೆ ಬೆಂಚಿಗೆ ಬನ್ನಿ" ಎಂದು ಕೂಗಿ ಕೂಗಿ ಜಾಗ ಬದಲಾಯಿಸಿದವರು ಅವರೇ.

ಅವರು ಕಾವಿ ಉಟ್ಟ ಮೇಲೆ ನಾನು ವಿಹಾರಕ್ಕೆ ಹೋಗಿ ಕೇಳಿಯೂ ಬಿಟ್ಟೆ. ಕೈಮುಗಿದು, ಅವರಿಗಿಂತ ತಗ್ಗಿನಲ್ಲಿ ಕೂತು: "ಹರಕೆ ಹೊರೋವಾಗ ಇದು ಹೊಳೀಲಿಲ್ವಾ ಸ್ವಾಮಿ?"

"ಹರಕೆ ಹೊರೋವಾಗ ಯಾರಪ್ಪಾ ಯೋಚ್ನೆ ಮಾಡ್ತಾರೆ? ನಾಲ್ಕನೇ ಸಲ ಅವಳು ಅಳ್ತಾ ಮನೆಗೆ ಬಂದಿದ್ಲು. ನಾನು ಅವಳು ಅತ್ತಿದ್ದು ಮಾತ್ರ ನೋಡ್ದೆ, ಕಾರು ನೋಡ್ಲಿಲ್ಲ."

5.

ಮೊದಲ ಪ್ರಯತ್ನ. ನಾನು ಅಲ್ಲೇ ಇದ್ದೆ, ಕರಪತ್ರಕ್ಕೆ ಫೋಟೋ ತೆಗೆಯಲು ಹೋಗಿದ್ದೆ.

ಬೆಳಗಿನ ಭಿಕ್ಷಾಟನೆ ಮುಗಿದಿತ್ತು. ರಮ್ಪೈ ಕಾರನ್ನು ವಿಹಾರದ ಬಾಗಿಲಿಗೆ ತಂದು ನಿಲ್ಲಿಸಿದಳು, ಯಾವುದಕ್ಕೂ ಗುದ್ದದೆ. ಇಳಿದು ಮೊಣಕಾಲೂರಿ ಅಪ್ಪನಿಗೆ ನಮಸ್ಕಾರ ಮಾಡಿದಳು. ಅಪ್ಪ ಭಿಕ್ಷುವಾದರೆ ಇಲ್ಲಿ ಕರೆಯುವ ಹೆಸರೇ ಬೇರೆ, ಕನ್ನಡದಲ್ಲಿ ಹೇಳುವುದಾದರೆ ಸ್ವಾಮಿಯಪ್ಪ ಎಂದಂತೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಅವಳು ಹೋಗಿ ಸ್ಟೇರಿಂಗ್ ಮುಂದೆ ಕೂತು, ಪಕ್ಕದ ಬಾಗಿಲು ತೆರೆದು, ಸೀಟನ್ನು ಎರಡು ಸಲ ತಟ್ಟಿದಳು.

"ಬನ್ನಿ ಅಪ್ಪಾ, ಕೂತ್ಕೊಳ್ಳಿ."

ಅಪ್ಪ ಕಾವಿಯನ್ನು ಮೇಲೆತ್ತಿ ಒಂದು ಕಾಲು ಒಳಗಿಟ್ಟೇಬಿಟ್ಟರು.

ಅಂಗಳ ಗುಡಿಸುತ್ತಿದ್ದ ಹೆಂಗಸರ ಪೊರಕೆಗಳು ನಿಂತವು. ಜಗಲಿಯಲ್ಲಿದ್ದ ದೊಡ್ಡ ಸ್ವಾಮಿಗಳು ಕೆಮ್ಮಿದರು. ಖಮ್‌ಪುನ್ ಒಂದು ಕಾಲು ಕಾರಿನಲ್ಲಿ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾ ಸಿಕ್ಕಿಬಿದ್ದವರ ಹಾಗೆ ನಿಂತರು.

"ಖಮ್‌ಪುನ್, ಆ ಕಾಲು ಈಚೆ ತಗೊಳ್ಳಿ" ಎಂದರು ದೊಡ್ಡ ಸ್ವಾಮಿಗಳು. ಬೈಯುವ ದನಿಯಲ್ಲ. ಅವರಿಗೂ ನಗು ಬಂದಿತ್ತು ಎಂದು ನನ್ನ ಗುಮಾನಿ.

ಅವತ್ತು ಸ್ವಾಮಿಯಪ್ಪ ವಿಹಾರದ ಹಳೇ ಪಿಕಪ್ಪಿನಲ್ಲಿ ಹೋದರು. ಮುಂದೆ ಡ್ರೈವರ್ ಪಕ್ಕ ಕಣ್ಣಿನ ಆಪರೇಷನ್ನಿಗೆ ಹೊರಟ ಹಿರಿಯ ಭಿಕ್ಷು, ಹಿಂದಿನ ಬೆಂಚಿನ ಮೇಲೆ ಇವರು. ಹೋಗಿ ಬರುವಾಗ ಇನ್ನೂರು ಕಿಲೋಮೀಟರ್. ರಮ್ಪೈ ತನ್ನ ಹೊಸ ಕಾರಿನಲ್ಲಿ, ಪಕ್ಕದ ಸೀಟು ಖಾಲಿ ಇಟ್ಟುಕೊಂಡು, ಅವರ ಹಿಂದೆಯೇ ಓಡಿಸಿದಳು. ಪ್ರತಿ ಗುಂಡಿಗೂ ಅಪ್ಪ ಹೇಗೆ ಎಗರಿ ಬೀಳುತ್ತಿದ್ದರು ಎಂಬುದನ್ನು ಅವಳು ಗಾಜಿನಿಂದ ನೋಡಿದಳು. ವಾಪಸು ಬಂದವರು ಮೂರು ದಿನ ಚಾಪೆಯಿಂದ ಏಳಲಿಲ್ಲ.

6.

ಇಲ್ಲಿಯವರೆಗಿನದನ್ನು ರಮ್ಪೈಗೆ ಓದಿ ಹೇಳಿದೆ. ಹೊಲಿಗೆ ನಿಲ್ಲಿಸದೆ ಕೇಳಿದಳು.

"ನಾನು ಸೀಟು ತಟ್ಲಿಲ್ಲ."

"ತಟ್ಟಿದ್ರಿ ಅಕ್ಕಾ. ಎರಡು ಸಲ."

"ಧೂಳು ಒರೆಸ್ದೆ ಅಂತ ಬರೀರಿ. ಮತ್ತೆ ಆ ಸ್ಕೂಟರ್ ವಿಷ್ಯ ತೆಗೀರಿ. ಕುಮಾರಿ ಅನ್ನೋದೂ ತೆಗೀರಿ, ಡಂಗುರ ಹೊಡೀಬೇಕಾ?"

"ಕಥೆಗೆ ಬೇಕಾಗತ್ತೆ..."

"ಕಥೆಗೆ ಬೇಕಾಗಿರೋದು ಗಂಡಸು. ಲೈಸೆನ್ಸ್ ಇರೋ ಒಬ್ಬ ಗಂಡಸನ್ನ ತನ್ನಿ. ಅವನು ಓಡ್ಸಿದ್ರೆ ಅಪ್ಪ ಅವನ ಪಕ್ಕ ಆ ಸೀಟಲ್ಲಿ ಕೂರ್ಬಹುದು. ಬರೆಯೋರು ನೀವಲ್ವಾ, ಒಬ್ಬನ್ನ ತರಕ್ಕಾಗಲ್ವಾ? ಅಥವಾ ನೀವೇ ಓಡ್ಸಿ."

ನಾನು ಓದುತ್ತಿದ್ದ ಹಾಳೆಗಳನ್ನು ಮಡಚತೊಡಗಿದೆ.

"ಯಾಕೆ?"

"ನಂಗೆ ಡ್ರೈವಿಂಗ್ ಬರಲ್ಲ."

ಹೊಲಿಗೆ ಯಂತ್ರ ನಿಂತಿತು. ಹದಿನಾಲ್ಕು ವರ್ಷ ಕಾರಿನ ಬಗ್ಗೆ ಬರೆದವನನ್ನು ಅವಳು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಸರಿಹೋಯ್ತು" ಎಂದಳು. (ಈ ವಾಕ್ಯವನ್ನು ತೆಗೆಯಬೇಕೆಂದಿದ್ದೆ. ಅವಳು ಬಿಡಲಿಲ್ಲ.)

7.

ಆದ್ದರಿಂದ ತೋಂಗ್‌ಸುಕ್ ಅವರನ್ನು ತರುತ್ತಿದ್ದೇನೆ. ನಾನು ಸೃಷ್ಟಿಸಿದ್ದಲ್ಲ, ರಮ್ಪೈ ಮನೆಯಿಂದ ಮೂರನೇ ಮನೆ. ಅರವತ್ತೆಂಟು ವರ್ಷ, ದೂರದೂರಿನ ಬಸ್ಸು ಓಡಿಸಿ ನಿವೃತ್ತರಾದವರು, ಎಮ್ಮೆಯಂಥ ಮೈ. ಬಸ್ಸಿನವರಿಗೂ ಪಿಕಪ್ಪಿನವರಿಗೂ ಪ್ರಯಾಣಿಕರ ವಿಷಯದಲ್ಲಿ ಎಣ್ಣೆ ಸೀಗೇಕಾಯಿ ಸಂಬಂಧ. ಖಮ್‌ಪುನ್ ಮತ್ತು ತೋಂಗ್‌ಸುಕ್ ಮೂವತ್ತು ವರ್ಷ ಒಬ್ಬರಿಗೊಬ್ಬರು ಹಾರ್ನ್ ಹೊಡೆದುಕೊಂಡೇ ಬದುಕಿದವರು.

ಕಾರಿನ ಸುತ್ತ ಎರಡು ಸುತ್ತು ಬಂದು ಅವರು ಹೇಳಿದ್ದು: "ಇದು ಕಾರೇನವ್ವಾ, ಜಿಗುಟನ್ನದ ಬುಟ್ಟಿನಾ? ನನ್ನ ಹೊಟ್ಟೆ ಒಳಗೆ ಹೋದ್ರೆ ಕಾಲು ಎಲ್ಲಿಡ್ಲಿ, ಡಿಕ್ಕಿಲಾ?"

"ಮಾಮಾ, ಓಡಿಸ್ತೀರೋ ಇಲ್ವೋ?"

"ಆ ಖಮ್‌ಪುನ್‌ಗೆ ನಾನೀಗ ಕೈ ಮುಗೀಬೇಕು, ಹೌದಾ?"

"ಮುಗೀಬೇಕು."

ತೋಂಗ್‌ಸುಕ್ ತಲೆ ಕೆರೆದುಕೊಂಡರು. "ಬಟ್ಟೆಗೆ ಮುಗೀತೀನಿ, ಅವನಿಗಲ್ಲ. ಬರ್ತಾ ಸುಟ್ಟ ಕೋಳಿ, ಪರಂಗಿಕಾಯಿ ಕೋಸಂಬರಿ ಕೊಡಿಸ್ಬೇಕು. ಕೊಳೆಸಿದ ಮೀನಿನ ರಸ ಜಾಸ್ತಿ ಹಾಕಿ."

8.

ಕರಪತ್ರಕ್ಕೆ ಮುಕ್ತಾಯ ಬೇಕು. ಮೂರು ತಯಾರಿಟ್ಟೆ.

ಮೇಡಂಗೆ: ಸ್ವಾಮಿಯಪ್ಪ ಸೀಟಿನಲ್ಲಿ ಕೂತು "ಎಂಥ ಹಾಯಿ!" ಎನ್ನುತ್ತಾರೆ, ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. (ಭಿಕ್ಷುಗಳು ಹೆಬ್ಬೆರಳು ಎತ್ತುವುದಿಲ್ಲ. ಎತ್ತಿದರೆ ದೊಡ್ಡ ಸ್ವಾಮಿಗಳು ಮತ್ತೆ ಕೆಮ್ಮುತ್ತಾರೆ.)

ತೋಂಗ್‌ಸುಕ್‌ಗೆ: ಖಮ್‌ಪುನ್ ದಾರಿಯಲ್ಲಿ, ಬಸ್ಸಿನವರೇ ಮೇಲು ಎಂದು ಒಪ್ಪಿಕೊಳ್ಳುತ್ತಾರೆ.

ನನಗೆ: ಖಮ್‌ಪುನ್ ಮಳೆಗಾಲ ಮುಗಿಯುವ ಮುಂಚೆಯೇ ಕಾವಿ ಕಳಚಿಟ್ಟು, ಅಂಗಿ ಹಾಕಿಕೊಂಡು, ಮಗಳ ಪಕ್ಕ ಬಂದು ಕೂರುತ್ತಾರೆ. ಬರೆಯುವಾಗ ನನ್ನ ಕಣ್ಣು ತೇವವಾಗಿತ್ತು.

ಮೂರನೆಯದನ್ನು ಕೇಳಿ ರಮ್ಪೈ ಕತ್ತರಿ ಕೆಳಗಿಟ್ಟಳು. "ಹರಕೆ ಮುರಿಸ್ತೀರಾ? ನಿಮ್ಮ ಕಥೆ ಚೆನ್ನಾಗಿ ಬರ್ಲಿ ಅಂತ ನಮ್ಮಪ್ಪನ ಪುಣ್ಯ ಹಾಳು ಮಾಡ್ಬೇಕಾ? ಅವರು ನನಗೋಸ್ಕರ ಹೊತ್ತಿದ್ದು ಅದು. ಬೆನ್ನು ನೋಯ್ತಿದ್ರೂ ದಿನಾ ಎರಡು ಹೊತ್ತು ನೆಲದ ಮೇಲೆ ಕೂತು ಮಂತ್ರ ಹೇಳ್ತಾರೆ, ನನಗೋಸ್ಕರ. ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಹರಿದು ಹಾಕಿದೆ.

9.

ಸರಿ, ನಡೆದದ್ದನ್ನೇ ಹೇಳುತ್ತೇನೆ. ಆಗಸ್ಟ್ ತಿಂಗಳ ಬೆಳಿಗ್ಗೆ ಎಂಟು ಗಂಟೆ. ತೋಂಗ್‌ಸುಕ್ ಕೈಮುಗಿದರು, ಬಟ್ಟೆಗೆ. ಸ್ವಾಮಿಯಪ್ಪ ಮುಂದಿನ ಎಡಗಡೆಯ ಸೀಟಿನಲ್ಲಿ ಕೂತರು, ಕೊನೆಗೂ. ರಮ್ಪೈ ಆ ಸೀಟನ್ನು ಮೊದಲೇ ಪೂರ್ತಿ ಹಿಂದಕ್ಕೆ ತಳ್ಳಿ, ಎಷ್ಟು ಬೇಕೋ ಅಷ್ಟು ಒರಗಿಸಿಟ್ಟಿದ್ದಳು. ಅವಳು ಅಪ್ಪನ ಹಿಂದೆ. ಕಥೆ ನೋಡಲು ಒಬ್ಬ ಬೇಕಲ್ಲ, ಹಾಗಾಗಿ ತೋಂಗ್‌ಸುಕ್ ಹಿಂದೆ ನಾನು, ಮಂಡಿಗಳು ಕಿವಿಯ ಪಕ್ಕ.

ಊರು ದಾಟುವವರೆಗೆ ರಮ್ಪೈ ಅಪ್ಪನ ಬೋಳು ತಲೆಯನ್ನೇ ನೋಡುತ್ತಿದ್ದಳು.

"ಹೆಂಗಿದೆ ಸ್ವಾಮಿಯಪ್ಪಾ?"

"ಚೆನ್ನಾಗಿದೆ."

"ಸೊಂಟಕ್ಕೆ?"

"ಚೆನ್ನಾಗಿದೆ ಅಂದ್ನಲ್ಲ."

ಅವಳ ಮುಖ ನೋಡಬೇಕಿತ್ತು ನೀವು. ಹನ್ನೊಂದು ವರ್ಷ ಹೊಲಿದ ಸೀಟುಗಳಿಗೆಲ್ಲ ಅವತ್ತು ಒಟ್ಟಿಗೆ ಕೂಲಿ ಸಿಕ್ಕ ಹಾಗಿತ್ತು. ಕಥೆ ಇಲ್ಲೇ ಮುಗಿದಿದ್ದರೆ ಮೇಡಂ ಖುಷಿಪಡುತ್ತಿದ್ದರು. ಆದರೆ ತೋಂಗ್‌ಸುಕ್ ಬಾಯಿ ಸುಮ್ಮನಿರಬೇಕಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿ ಹೇಳಿದರು: "ರಮ್ಪೈ, ಮಂಡಿ ಎಲ್ಲಿಟ್ಟಿದೀಯವ್ವಾ, ಬ್ಯಾಗೊಳಗಾ?"

ನಿಜ. ಅಪ್ಪನ ಸೀಟು ಅಷ್ಟು ಹಿಂದೆ ಬಂದಿದ್ದರಿಂದ ಅವಳು ಎರಡೂ ಕಾಲನ್ನು ಓರೆಯಾಗಿ ಮಡಚಿ ನನ್ನ ಕಡೆ ತಳ್ಳಿಕೊಂಡು ಕೂತಿದ್ದಳು.

ಸ್ವಾಮಿಯಪ್ಪ ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ ಸರಳು ಎಳೆದರು. ಬಗ್ಗುವುದು ಅವರಿಗೆ ಸುಲಭವಲ್ಲ. ಟಕ್, ಟಕ್, ಟಕ್ ಎಂದು ಸೀಟು ಮುಂದಕ್ಕೆ ಹೋಯಿತು.

"ಏನ್ಮಾಡ್ತಿದೀರಿ? ಹಿಂದಕ್ಕೆ ಹಾಕ್ಕೊಳ್ಳಿ! ಡಾಕ್ಟ್ರು ಕಾಲು ಚಾಚ್ಕೊಂಡು ಕೂರ್ಬೇಕು ಅಂದಿದಾರೆ."

"ಚಾಚಿದೀನಿ."

"ಮಂಡಿ ಮುಂದೆ ತಾಗ್ತಿದೆ, ನನಗೆ ಕಾಣ್ಸುತ್ತೆ."

"ತಾಗಿಲ್ಲ."

"ಸುಳ್ಳು ಹೇಳೋ ಹಾಗಿಲ್ಲ ನೀವು. ವ್ರತದಲ್ಲಿದೀರಿ."

ಸ್ವಾಮಿಯಪ್ಪ ಸಿಕ್ಕಿಬಿದ್ದರು. ಯೋಚನೆ ಮಾಡಿದರು. ಟಕ್. ಒಂದೇ ಒಂದು ಹಲ್ಲು ಹಿಂದಕ್ಕೆ. ಅಷ್ಟಕ್ಕೇ ರಾಜಿ.

ಸಣ್ಣ ಕಾರಿನೊಳಗಿನ ಸುಖದ ಬಗ್ಗೆ ಹದಿನಾಲ್ಕು ವರ್ಷ ಬರೆದರೂ ನನಗೆ ಇಷ್ಟು ಹೊಳೆದಿರಲಿಲ್ಲ. ಅದು ಇರುವುದೇ ಗೇಣುದ್ದ. ಒಬ್ಬರಿಗೆ ಸಿಗಬೇಕಾದರೆ ಇನ್ನೊಬ್ಬರು ಬಿಡಬೇಕು. ಈ ಇಬ್ಬರೂ ಬಿಡಲು ಜಗಳವಾಡುತ್ತಿದ್ದರು.

10.

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ಉಬೋನಿಗೆ ಇನ್ನು ನಲವತ್ತು ಕಿಲೋಮೀಟರ್ ಇರುವಾಗ ರಸ್ತೆ ಕೆಟ್ಟಿತು. ಮಳೆಗೆ ಗುಂಡಿ ಬಿದ್ದಿತ್ತು. ತೋಂಗ್‌ಸುಕ್ ನಿಧಾನವಾಗಿಯೇ ಇಳಿಸಿದರು, ಆದರೂ ಕಾರು ಕುಕ್ಕಿತು. ಸ್ವಾಮಿಯಪ್ಪ ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. ಬೆರಳುಗಳು ಬಿಳುಚಿಕೊಂಡವು.

ಎಷ್ಟೇ ಒಳ್ಳೆಯ ಸ್ಪಂಜಾದರೂ ಸವೆದ ಮೂಳೆಗೆ ಅದು ಎಷ್ಟು ತಾನೇ ಮಾಡೀತು? ರಮ್ಪೈ ಕೈ ತಾನಾಗಿಯೇ ಅಪ್ಪನ ಭುಜದ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ವಾಪಸು ಬಂದು ಮಡಿಲಲ್ಲಿ ಕೂತಿತು.

ಮತ್ತೊಂದು ಗುಂಡಿ ಬಂತು.

ಆಗ ಅವಳು, ಅಪ್ಪ ಬಿಟ್ಟುಕೊಟ್ಟ ಆ ಜಾಗದಲ್ಲಿ ಮುಂದಕ್ಕೆ ಬಾಗಿ, ಸೀಟಿನ ಹಿಂಬದಿಗೆ ಅಂಗೈ ಇಟ್ಟಳು. ಅಪ್ಪನಿಗಲ್ಲ, ಸೀಟಿಗೆ. ಬಟ್ಟೆ, ಹೊಲಿಗೆ, ಸ್ಪಂಜು, ಅದರ ಆಚೆ ಕಾವಿ, ಅದರ ಆಚೆ ಸೊಂಟ. ಒಳಗೆ ಎಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಎರಡೂ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು.

ಸ್ವಾಮಿಯಪ್ಪ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದರು. ತುಂಬ ಹೊತ್ತಿನ ಮೇಲೆ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು:

"ಸ್ವಲ್ಪ ಕೆಳಗೆ."

ತೋಂಗ್‌ಸುಕ್, ಊರಿನ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ತೋಂಗ್‌ಸುಕ್, ಕೈ ಎತ್ತಿ ಒಳಗಿನ ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿದರು.

11.

ಸೀಟನ್ನು ಮುಟ್ಟಿದರೆ ಭಿಕ್ಷುವನ್ನು ಮುಟ್ಟಿದಂತೆಯೇ? ದೊಡ್ಡ ಸ್ವಾಮಿಗಳನ್ನು ಕೇಳಿದರೆ ಹೇಳುತ್ತಾರೆ. ನಾನು ಕೇಳುವುದಿಲ್ಲ. ನಾನಂತೂ ಅವತ್ತು ಕಿಟಕಿಯ ಆಚೆ ಗದ್ದೆ ನೋಡುತ್ತಿದ್ದೆ, ಏನೂ ಕಾಣಲಿಲ್ಲ. ಹಾಗಾದರೆ ಇದನ್ನು ಬರೆದವರು ಯಾರು ಎಂದು ನೀವು ಕೇಳಬೇಡಿ.

ಡಾಕ್ಟರು ಏನೆಂದರು, ಮಳೆಗಾಲ ಮುಗಿದ ಮೇಲೆ ಖಮ್‌ಪುನ್ ಮನೆಗೆ ಬಂದರೋ ವಿಹಾರದಲ್ಲೇ ಉಳಿದರೋ, ಕನಿತ್ತಾ ಮೇಡಂ ಇದನ್ನು ಅಚ್ಚು ಹಾಕಿಸಿದರೋ ನನ್ನನ್ನು ಕೆಲಸದಿಂದ ತೆಗೆದರೋ, ಯಾವುದನ್ನೂ ಹೇಳುವುದಿಲ್ಲ. ಗೊತ್ತಿಲ್ಲದೆ ಅಲ್ಲ. ಹೇಳಬೇಕಾದರೆ ಕಾರು ಆಸ್ಪತ್ರೆ ತಲುಪಬೇಕು, ತಲುಪಿದರೆ ನಿಲ್ಲಬೇಕು, ನಿಂತರೆ ರಮ್ಪೈ ಕೈ ತೆಗೆಯಬೇಕು.